ಚೋಕ್ ಹುಡುಕಿದ ಚಳಿಗಾಲ

ಮೊನ್ನೆ ಮುಧೋಳಕ್ಕೆ ಕಣ್ಣು ತೋರಿಸಲು ಹೋಗಿದ್ದೆ. ಕಣ್ಣಿಗೆ ಡ್ರಾಪ್ಸ್ ಹಾಕಿದ ದಿನ ಗಾಡಿ ನಡೆಸಬಾರದು, ಅದು ನನ್ನ ರೂಲ್. ಅದಕ್ಕೇ ಬಸ್ಸು. ವಾಪಸ್ ಬರುವಾಗ ಊರ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ರಸ್ತೆ ಕಟ್ಟಿತ್ತು, ಬಸ್ಸು ನಿಂತಿತು. ನನ್ನ ಕಿಟಕಿಯ ಕೆಳಗೇ ಒಬ್ಬ ಮನುಷ್ಯ ಹಳೆಯ ಪೆಟ್ರೋಲ್ ಜೀಪಿನ ಬಾನೆಟ್ ಎತ್ತಿ, ನೀರಿನ ಬಾಟ್ಲಿಯಿಂದ ಕಾರ್ಬೊರೇಟರಿನ ಬಾಯಿಗೆ ಪೆಟ್ರೋಲ್ ಹನಿಸುತ್ತಿದ್ದ. ಒಳಗೆ ಕೂತವನು ಸೆಲ್ಫ್ ಹೊಡೆಯುತ್ತಿದ್ದ. "ಹೊಡಿ... ತಡಿ... ಈಗ ಹೊಡಿ." ತಣ್ಣನೆಯ ಗಾಳಿಯಲ್ಲಿ ಹಸಿ ಪೆಟ್ರೋಲಿನ ವಾಸನೆ, ಅದರ ಜೊತೆ ಯಾವುದೋ ಹೊಲದಲ್ಲಿ ಕಬ್ಬಿನ ರವದಿ, ಅಂದರೆ ಒಣಗಿದ ಸೋಗೆ, ಸುಟ್ಟ ಹೊಗೆ. ಕಣ್ಣಿಗೆ ಎಲ್ಲವೂ ಮಂಜು ಮಂಜು, ಮೂಗು ಮಾತ್ರ ಶಾರ್ಪ್ ಆಗಿತ್ತು. ಬಸ್ಸು ಹೊರಟರೂ ಆ ವಾಸನೆ ನನ್ನನ್ನು ಬಿಡಲಿಲ್ಲ. ಮೂರು ವರ್ಷದ ಹಿಂದೆ, ನನಗೆ ಎಪ್ಪತ್ನಾಲ್ಕು ತುಂಬಿದ ಚಳಿಗಾಲದಲ್ಲಿ, ಇದೇ ವಾಸನೆಯ ಜೊತೆ ನಾನು ಜಗಳ ಆಡಿದ್ದೆ.

ಮೊದಲು ಗಾಡಿಯ ವಿಷಯ ಹೇಳಬೇಕು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ ಜಮಖಂಡಿಗೆ ಸೊಸೆಯಾಗಿ ಬಂದವಳು. ಮಾವನವರದು ಅಡತಿ ಅಂಗಡಿ, ಬೆಲ್ಲ ಮತ್ತು ಹತ್ತಿಯ ವ್ಯಾಪಾರ. ಸಕ್ಕರೆ ಕಾರ್ಖಾನೆಯೊಂದಕ್ಕೆ ಮಶಿನ್ ಕೂಡಿಸಲು ಬಂದಿದ್ದ ಪರದೇಶದ ಎಂಜಿನಿಯರ್ ತನ್ನ ಅಮೆರಿಕನ್ ಕಾರನ್ನು ಹಡಗಿನಲ್ಲಿ ತರಿಸಿಕೊಂಡಿದ್ದ, ಕೆಲಸ ಮುಗಿದಾಗ ಅದನ್ನು ಮಾವನವರಿಗೆ ಕೊಟ್ಟು ಹೋದ. ಎರಡೇ ಬಾಗಿಲು, ಎಂಟು ಸಿಲಿಂಡರು, ಸ್ಟೇರಿಂಗು ಎಡಗಡೆ. ಈಗಿನವರು ಇಂಥದಕ್ಕೆ ಮಸಲ್ ಕಾರ್ ಅನ್ನುತ್ತಾರಂತೆ. ನಮ್ಮ ಊರು ಅದನ್ನು ಮೊದಲಿನಿಂದಲೂ 'ದೊಡ್ಡ ಗಾಡಿ' ಅಂತಲೇ ಕರೆದದ್ದು.

ಮನೆಯ ಗಂಡಸರು ಒಬ್ಬೊಬ್ಬರಾಗಿ ಕೂತು ನೋಡಿದರು. ಎಡಗಡೆ ಕೂತು ನಡೆಸುವುದೆಂದರೆ ಎಲ್ಲರಿಗೂ ಅಂಜಿಕೆ. ಗಾಡಿಯ ಜೊತೆ ಬಂದ ದಪ್ಪ ಇಂಗ್ಲಿಷ್ ಬುಕ್ಕನ್ನು ಓದಬಲ್ಲವಳು ಮನೆಯಲ್ಲಿ ನಾನೊಬ್ಬಳೇ, ಮೇಲಾಗಿ ತೌರಿನಲ್ಲಿ ನನ್ನ ತಂದೆಯ ಜೀಪ್ ನಡೆಸಿ ಗೊತ್ತಿತ್ತು. ಮಾವನವರು ಒಂದು ದಿನ ಊಟ ಆದ ಮೇಲೆ ಎಲ್ಲರ ಮುಂದೆ ಕೀಲಿಕೈ ನನ್ನ ಮುಂದಿಟ್ಟು, "ಬುಕ್ಕ ಓದಾಕ ಬರೂದು ನಿನಗ. ಅಂದಮ್ಯಾಲ ಗಾಡೀನೂ ನಿಂದ" ಅಂದರು. ಅವತ್ತು ಹೂರಣದ ಹೋಳಿಗೆ ಮಾಡಿದ್ದೆವು. ನನ್ನ ಎಲೆಯಲ್ಲಿ ಎರಡು ಹಾಗೇ ಉಳಿದವು, ಆ ಮಾತು ಕೇಳಿದ ಮೇಲೆ ಹೊಟ್ಟೆಯಲ್ಲಿ ಜಾಗ ಇರಲಿಲ್ಲ.

ಹತ್ತು ವರ್ಷ ನಾನು ಆ ಗಾಡಿ ನಡೆಸಿದೆ. ಸಾವಳಗಿ, ಬನಹಟ್ಟಿ, ಮುಧೋಳ. ಹೆರಿಗೆ ನೋವು ಬಂದ ಎಷ್ಟು ಮಂದಿ ಹೆಣ್ಣುಮಕ್ಕಳನ್ನು ಮಿರಜದ ದವಾಖಾನೆಗೆ ಮುಟ್ಟಿಸಿದೆನೋ. ಬೆಳಿಗ್ಗೆ ಚಾಲೂ ಮಾಡುವ ರೀತಿ ಬುಕ್ಕಿನಲ್ಲಿ ಬರೆದಿತ್ತು, ನನಗೆ ಇವತ್ತಿಗೂ ಬಾಯಿಪಾಠ: ಎಕ್ಸಿಲೇಟರನ್ನು ತಳದವರೆಗೆ ಒಂದು ಸಲ ಒತ್ತು, ಕಾಲು ತೆಗೆ, ಕೀ ತಿರುಗಿಸು. ಅಷ್ಟೇ. ಉಳಿದದ್ದನ್ನು ಚೋಕ್ ನೋಡಿಕೊಳ್ಳುತ್ತಿತ್ತು. ಕಾರ್ಬೊರೇಟರಿನ ಬಾಯಿಗೆ ಒಂದು ತಗಡಿನ ಮುಚ್ಚಳ, ಇಂಜಿನ್ ಮೇಲಿನ ಸಣ್ಣ ಗುಳಿಯಲ್ಲಿ ಸುರುಳಿಯಾದ ಒಂದು ಸ್ಪ್ರಿಂಗು, ಎರಡನ್ನೂ ಕೂಡಿಸುವ ತೆಳ್ಳನೆಯ ಸಲಾಕಿ. ಚಳಿಗೆ ಸ್ಪ್ರಿಂಗು ಬಿಗಿದುಕೊಂಡು ಮುಚ್ಚಳ ಹಾಕುತ್ತದೆ, ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿ ಸಿಗುತ್ತದೆ, ಇಂಜಿನ್ ಏಳುತ್ತದೆ. ಬಿಸಿಯಾದ ಹಾಗೆ ಸ್ಪ್ರಿಂಗು ಸಡಿಲಾಗಿ ತಾನೇ ತೆರೆಯುತ್ತದೆ. ಯಾರೂ ಏನೂ ಎಳೆಯಬೇಕಾಗಿಲ್ಲ.

ಮಾವನವರು ತೀರಿಕೊಂಡ ಮರುವರ್ಷದ ಬೇಸಿಗೆಯಲ್ಲಿ ಗಾಡಿ ಕರೀ ಹೊಗೆ ಬಿಡತೊಡಗಿತು. ಮಿಸ್ತ್ರಿ ಬಂದು ಚೋಕ್ ಕಿತ್ತು ಹೋದ. "ಇದು ಚಳಿ ದೇಶದ ಸಾಮಾನು, ನಮ್ಮ ಕಡೆ ಬೇಕಾಗಿಲ್ಲ" ಅಂತ ನಮ್ಮವರು, ನನ್ನ ಗಂಡ, ಅಂದರು. ಮುಂದಿನ ದೀಪಾವಳಿ ಹೊತ್ತಿಗೆ ಗೊತ್ತಾಯಿತು ಬೇಕಿತ್ತು ಅಂತ. ಬೆಳಿಗ್ಗೆ ಗಾಡಿ ಏಳಬೇಕಾದರೆ ಒಬ್ಬರು ಆ ಭಾರದ ಬಾನೆಟ್ ಎತ್ತಿ ಬಾಟ್ಲಿಯಿಂದ ಪೆಟ್ರೋಲ್ ಹನಿಸಬೇಕು, ಇನ್ನೊಬ್ಬರು ಸೆಲ್ಫ್ ಹೊಡೆಯುತ್ತ ಎಕ್ಸಿಲೇಟರನ್ನು ಹತ್ತು ಸಲ ತುಳಿಯಬೇಕು. ಒಮ್ಮೊಮ್ಮೆ ಕಾರ್ಬೊರೇಟರಿನಿಂದ ಭಗ್ ಅಂತ ಉರಿ ಏಳುತ್ತಿತ್ತು. ಬಾಟ್ಲಿ ಹಿಡಿಯುವ ಕೆಲಸ ಮೈದುನ ಬಸಣ್ಣನದು. ಆಗ ಅವನಿನ್ನೂ ಕಾಲೇಜಿನಲ್ಲಿದ್ದ, ಒಂದು ಹುಬ್ಬು ಸುಟ್ಟುಕೊಂಡು ತಿಂಗಳುಗಟ್ಟಲೆ ಕ್ಲಾಸಿನವರಿಂದ ಚೇಷ್ಟೆ ಮಾಡಿಸಿಕೊಂಡ. ನನಗೋ, ಎಲ್ಲಿಗೆ ಹೋಗಬೇಕಾದರೂ ಒಬ್ಬ ಗಂಡಸನ್ನು ಕರೆಯಬೇಕು. ಎಲ್ಲಿಗೆ, ಯಾಕೆ, ಎಷ್ಟೊತ್ತಿಗೆ ವಾಪಸ್ಸು ಅಂತ ಹೇಳಬೇಕು. ಕರೆಯುವುದು ಕಡಿಮೆಯಾಯಿತು. ಆಮೇಲೆ ನಿಂತೇ ಹೋಯಿತು. ಗಾಡಿ ರಸ್ತೆ ಬದಿಯ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದುಕೊಂಡು ಮಲಗಿತು. ನಮ್ಮವರು ಹೋದ ಮೇಲೂ ಬಹಳ ವರ್ಷ ಹಾಗೇ ಇತ್ತು.

ಮೂರು ವರ್ಷದ ಹಿಂದೆ, ಇನ್ನು ತಡ ಮಾಡಿದರೆ ನನ್ನ ಮೊಣಕಾಲು ಕ್ಲಚ್ ಒತ್ತುವುದಿಲ್ಲ ಅನ್ನಿಸಿದಾಗ, ನಾನು ಮೌಲಾಸಾಬ್ ಮಿಸ್ತ್ರಿಯನ್ನು ಕರೆಸಿದೆ. ಅರವತ್ತರ ಆಸುಪಾಸಿನ ಮನುಷ್ಯ, ಮಾತು ಕಡಿಮೆ, ಕೈ ತೊಳೆಯದೆ ಚಹಾ ಮುಟ್ಟುವವನಲ್ಲ. ಮಳೆಗಾಲ ಪೂರ್ತಿ ಅವನು ಶೆಡ್ಡಿನಲ್ಲೇ ಕೂತು ಇಂಜಿನ್ ಬಿಚ್ಚಿ ಕಟ್ಟಿದ. ಬ್ರೇಕು, ವಾಯರು, ಟಾಂಕಿ ಎಲ್ಲ ಆಯಿತು. ದಸರೆಗೆ ಗಾಡಿ ಎದ್ದಿತು. ಅಂದರೆ ಬಾಟ್ಲಿಯಿಂದ.

ಅದೇ ವಾರ ಬಸಣ್ಣ ಒಂದು ನಕಾಶೆ ಹಿಡಿದುಕೊಂಡು ಬಂದ. ರಸ್ತೆ ಬದಿಯ ಜಾಗದಲ್ಲಿ ಆರು ಶಟರಿನ ಅಂಗಡಿ ಸಾಲು. ಶೆಡ್ಡು ಇದ್ದಲ್ಲಿ ಆರನೆಯದು.

"ವೈನಿ, ಪುಣೇದ ಪಾರ್ಟಿ ಒಂದು ಗಾಡಿ ಕೇಳಾಕತ್ತೈತಿ. ಕೊಟ್ಟು ಬಿಡೂಣ. ನಿಮಗೂ ಆಗೂದಿಲ್ಲ, ಅದಕ್ಕೂ ಆಗೂದಿಲ್ಲ."

"ಅದಕ್ಕ ಏನಾಗೇತಿ? ದಸರಾದಾಗ ಚಾಲೂ ಆತಲ್ಲ."

"ಅದು ಚಾಲೂ ಆಗೂದಂದ್ರ? ಮಿಸ್ತ್ರಿ ಬಾಯಾಗ ಹನಿ ಬಿಡಬೇಕು, ನೀವು ಕಾಲೊಳಗ ತುಳೀಬೇಕು. ಬಾಣಂತಿ ಕೂಸಿಗಿ ಹಾಲ ಹಾಕಿಧಂಗ."

ನಾನು ನಕಾಶೆ ಮಡಚಿ ಅವನ ಕೈಗೆ ವಾಪಸ್ ಕೊಟ್ಟೆ. ಅವನೇ ಮೆತ್ತಗಾದ. ಬಸಣ್ಣ ಕೆಟ್ಟವನಲ್ಲ. ಅವನಿಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಎಸ್ಸೇ ಬರೆದುಕೊಟ್ಟವಳು ನಾನು.

"ಒಂದು ಮಾತು ಹೇಳ್ತೇನಿ ವೈನಿ. ಸಂಕ್ರಾಂತಿಗಿ ಬುನಾದಿ ತೋಡಬೇಕಂತ ಮಾಡೇನಿ. ಅವತ್ತ ಹೊತ್ತ ಹೊಂಡೂ ಮುಂದ ನೀವು ಒಬ್ಬರ ಬಂದು ಗಾಡಿ ಚಾಲೂ ಮಾಡ್ರಿ. ಬಾಟ್ಲಿ ಇಲ್ಲ, ಮಿಸ್ತ್ರಿ ಇಲ್ಲ. ಆತಂದ್ರ ಆ ಜಾಗಾ ನಿಮ್ಮದು, ಐದ ಅಂಗಡಿ ಕಟ್ಟತೇನಿ. ಆಗಲಿಲ್ಲಂದ್ರ ಪುಣೆ."

"ಡನ್" ಅಂದೆ.

ಮೌಲಾಸಾಬನಿಗೆ ಹೇಳಿದಾಗ ಅವನು ಸುಲಭದ ದಾರಿ ತೋರಿಸಿದ. "ಎಳಿಯೂ ಚೋಕ್ ಹಾಕಿ ಬಿಡೂಣ್ರಿ ಅಕ್ಕಾರ. ಡ್ಯಾಶ್‌ಬೋರ್ಡಿಗಿ ಒಂದ ತೂತು, ಒಂದ ಕೇಬಲ್ಲು. ಬಜಾರದಾಗ ಸಿಗತೈತಿ."

ಫ್ರ್ಯಾಂಕ್ಲಿ, ಅದರಿಂದ ಗಾಡಿ ಏಳುತ್ತಿತ್ತು. ಆದರೆ ಐವತ್ತು ವರ್ಷ ಯಾರೂ ಗೀರದ ಡ್ಯಾಶ್‌ಬೋರ್ಡಿಗೆ ಡ್ರಿಲ್ ಹಚ್ಚುವುದು ನನ್ನಿಂದ ಆಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನಿಂದ ಕಿತ್ತುಕೊಂಡದ್ದು ಯಾವುದೋ ಅದೇ ನನಗೆ ಬೇಕಾಗಿತ್ತು, ಅದರ ಬದಲಿಗೆ ಇನ್ನೊಂದಲ್ಲ. "ಕಿತ್ತದ್ದನ್ನ ಹುಡುಕೋಣ" ಅಂದೆ.

ಕಿತ್ತವನು ಭೀಮಪ್ಪ ಮಿಸ್ತ್ರಿ. ಜಮಖಂಡಿಯ ಗ್ಯಾರೇಜು ಬಿಟ್ಟು ಬೀಳಗಿ ಕಡೆಯ ತನ್ನ ಹಳ್ಳಿಗೆ ಹೋಗಿದ್ದ. ಆ ಹಳ್ಳಿ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಊರಿಗೆ ಊರೇ ಮೇಲಕ್ಕೆ ಬಂದು ನೆಲೆಸಿದೆ ಅಂತ ಮೌಲಾಸಾಬ್ ವಿಚಾರಿಸಿಕೊಂಡು ಬಂದ. ನವೆಂಬರಿನ ಒಂದು ಬೆಳಿಗ್ಗೆ ನಾವಿಬ್ಬರೂ ಟ್ಯಾಕ್ಸಿ ಮಾಡಿಕೊಂಡು ಹೋದೆವು. ಭೀಮಪ್ಪ ಅಂಗಳದಲ್ಲಿ ಹೊರಸಿನ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ. ವಯಸ್ಸು ಎಂಬತ್ತು ದಾಟಿದೆ, ಕಣ್ಣು ಮಬ್ಬು.

"ಯಾರ್ರಿ?"

"ಜಮಖಂಡಿ ದೊಡ್ಡ ಗಾಡಿ ಅಕ್ಕಾರು ಬಂದಾರ" ಅಂದ ಮೌಲಾಸಾಬ್.

"ಎಡಗಡೆ ಸ್ಟೇರಿಂಗಿಂದು? ಇನ್ನೂ ಐತ್ರಿ ಅದು? ನನಗಿಂತ ಮೊದಲ ಹೋಗಿರತೈತಿ ಅಂತ ತಿಳದಿದ್ದೆ."

"ಇಬ್ಬರೂ ಗಟ್ಟಿ ಅದೀರಿ ತಗೋರಿ" ಅಂದೆ. ಅವನಿಗೆ ನಗು ಬಂತು, ಹಲ್ಲಿರಲಿಲ್ಲ.

ಚೋಕಿನ ಮಾತು ತೆಗೆದೆ. ಅವನಿಗೆ ಕೂಡಲೇ ನೆನಪಾಯಿತು. "ಒಂದ ಬಿಸ್ಕೀಟ ಡಬ್ಬ್ಯಾಗ ಜ್ವಾಕಿ ಮಾಡಿ ಇಟ್ಟಿದ್ದೆ ನೋಡ್ರಿ. ಪರದೇಶದ ಸಾಮಾನು, ಒಗಿಯಾಕ ಮನಸ ಬರಲಿಲ್ಲ. ಊರು ಬಿಡೂ ಮುಂದ ಎಮ್ಮಿ ತಂದೆ, ಬಾಗಲಾ ಚೌಕಟ್ಟ ಕಿತಗೊಂಡ ತಂದೆ, ಹಂಚು ತಂದೆ. ಡಬ್ಬಿ ಅಟ್ಟದ ಮ್ಯಾಲ ಉಳೀತು. ಈಗ ಅದರ ಮ್ಯಾಲ ಮೀನ ಹಿಡೀತಾರ."

ಆಯಿತು, ಅದು ಹೋಯಿತು. ನಾನು ಏಳುವ ಮೊದಲು ಸುಮ್ಮನೆ ಕೇಳಿದೆ, "ಅದು ಪೂರಾ ಕೆಟ್ಟಿತ್ತೇನು?"

"ಕೆಟ್ಟಿರಲಿಲ್ರಿ. ಮಸಿ ಕಟ್ಟಿ ಹಿಡಕೊಂಡಿತ್ತು. ಸೀಮಿ ಎಣ್ಣ್ಯಾಗ ತೊಳದ್ರ ಅರ್ಧ ತಾಸಿನ ಕೆಲಸ."

"ಮತ್ತ ಕಿತ್ತದ್ದು ಯಾಕ?"

ಅವನು ಮುಖ ಮೌಲಾಸಾಬನ ಕಡೆ ತಿರುಗಿಸಿದ. "ಸಣ್ಣ ಸಾವ್ಕಾರು ಹೇಳಿದ್ರು." ಸಣ್ಣ ಸಾವ್ಕಾರು ಅಂದರೆ ನಮ್ಮವರು.

"ಏನಂತ ಹೇಳಿದ್ರು?"

"ಹೋದವರ ಮಾತು ಈಗ್ಯಾಕ್ರಿ ಅಕ್ಕಾರ."

"ಹೇಳ್ರಿ. ನನಗ ಗೊತ್ತಾಗಬೇಕು."

"ತೊಳದು ಹಾಕಲೇನ್ರಿ ಅಂತ ಕೇಳಿದೆ. 'ಬ್ಯಾಡ, ಅದು ಇದ್ದರ ಆಕಿ ಒಬ್ಬಾಕೀನ ತಗೊಂಡ ಹೊಕ್ಕಾಳ. ಕಿತ್ತ ಇಡು' ಅಂದ್ರು. ನಾ ಕೆಲಸದಾಂವ್ರಿ. ಹೇಳಿದ್ದ ಮಾಡಿದೆ."

ಆಮೇಲೆ ಭೀಮಪ್ಪ ಇನ್ನೂ ಏನೋ ಹೇಳಿದ. ಹೊಸದು ತರಿಸುವುದಾದರೆ ಕಾಗದ ನೋಡಿ ತರಿಸಬೇಡಿ, ಕಾರ್ಬೊರೇಟರಿನ ಮೈಮೇಲೆ ನಂಬರ್ ಹೊಡೆದಿರುತ್ತಾರೆ, ಅದನ್ನು ನೋಡಿ ತರಿಸಿ ಅಂತ. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಬರುವಾಗ ದಾರಿಯ ಉದ್ದಕ್ಕೂ ಹಿನ್ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಮೌಲಾಸಾಬ್ ಮುಂದಿನ ಸೀಟಿನಲ್ಲಿ ಕೂತು ರಸ್ತೆಯನ್ನೇ ನೋಡುತ್ತಿದ್ದ, ಒಂದು ಸಲವೂ ಹಿಂದೆ ತಿರುಗಲಿಲ್ಲ. ಒಳ್ಳೆಯ ಮನುಷ್ಯ. ನಮ್ಮವರು ಜೋರು ದನಿಯಲ್ಲಿ ಮಾತಾಡಿದವರೇ ಅಲ್ಲ. ನಾನು ಗಾಡಿ ತೆಗೆದುಕೊಂಡು ಹೋದ ದಿನ, ವಾಪಸ್ ಬರುವವರೆಗೆ ಗೇಟಿನ ಹತ್ತಿರ ನಿಂತೇ ಇರುತ್ತಿದ್ದರು. ನಾನದನ್ನು ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೂ ಇತ್ತು, ಐ ಆಮ್ ಶ್ಯೂರ್. ಆದರೆ ಪ್ರೀತಿಗೆ ಸ್ಪ್ಯಾನರ್ ಹಿಡಿದ ಮಿಸ್ತ್ರಿ ಬೇಕಾಗಿರಲಿಲ್ಲ. ಬಿಸಿಲಿಗೆ ಅಂಜಿದರು, ಲಾರಿಗಳಿಗೆ ಅಂಜಿದರು, ಮಂದಿಯ ಬಾಯಿಗೆ ಅಂಜಿದರು. ಅದನ್ನು ನನಗೆ ಹೇಳಬಹುದಿತ್ತು. ನಾನು ಜಗಳ ಆಡುತ್ತಿದ್ದೆ, ಗೆಲ್ಲುತ್ತಿದ್ದೆ ಅಥವಾ ಸೋಲುತ್ತಿದ್ದೆ. ಏನೂ ಹೇಳದೆ ಅರ್ಧ ತಾಸಿನ ಕೆಲಸವನ್ನು ಡಬ್ಬಿಗೆ ಹಾಕಿಸಿದರು. ಜಮಖಂಡಿಯ ಗುಡ್ಡ ಕಾಣುವ ಹೊತ್ತಿಗೆ ನನ್ನ ಸಿಟ್ಟು ಇಳಿಯಿತು. ಅದರ ಜಾಗದಲ್ಲಿ ಬಂದದ್ದು ಒಂದು ಹಟ.

ಅವತ್ತೇ ಮಧ್ಯಾಹ್ನ ಕೂತು, ಅಮೆರಿಕದಲ್ಲಿ ಇಂಥ ಹಳೆಯ ಗಾಡಿಗಳ ಸಾಮಾನು ಮಾತ್ರ ಮಾರುವ ಒಬ್ಬ ಅಂಗಡಿಯವನಿಗೆ ಈಮೇಲ್ ಬರೆದೆ. ಲೆಟರ್ ರೈಟಿಂಗಿನಲ್ಲಿ ಕಾನ್ವೆಂಟಿನ ಫಸ್ಟ್ ಪ್ರೈಜ್ ನನ್ನದು. ಆರ್‌ಸಿ ಬುಕ್ಕು ತೆಗೆದು, ಅದರಲ್ಲಿದ್ದ ವರ್ಷವನ್ನು ನೋಡಿ, ಎಪ್ಪತ್ತರ ಮಾಡೆಲ್, ಇಂತಿಂಥ ಇಂಜಿನ್, ಇದರ ಚೋಕ್ ಸ್ಪ್ರಿಂಗು ಮತ್ತು ಸಲಾಕಿ ಬೇಕು ಅಂತ ಬರೆದೆ. ಮೌಲಾಸಾಬ್ ಬಾಗಿಲಲ್ಲಿ ನಿಂತು, "ಮೈಮ್ಯಾಲಿನ ನಂಬರ ಒಮ್ಮಿ ನೋಡೂಣೇನ್ರಿ ಅಕ್ಕಾರ, ಭೀಮಪ್ಪಣ್ಣ ಅಂದಿದ್ದ" ಅಂದ.

"ಸರಕಾರದ ಸಿಕ್ಕಾ ಐತಿ ಮಿಸ್ತ್ರಿ ಇದರ ಮ್ಯಾಲ. ಇದಕ್ಕಿಂತ ಇನ್ನೇನು ಬೇಕು?"

ಅವನು ಸುಮ್ಮನಾದ. ಓದಿದವರ ಮುಂದೆ ಸುಮ್ಮನಾಗುವುದು ಅವನ ರೂಢಿ, ಅವನನ್ನು ಸುಮ್ಮನಾಗಿಸುವುದು ನನ್ನ ರೂಢಿ.

ಪಾರ್ಸಲ್ ಬಂದಾಗ ಡಿಸೆಂಬರ್ ಅರ್ಧ ಮುಗಿದಿತ್ತು. ಮುಂಬೈ ಕಸ್ಟಮ್ಸಿನವರು ಅದನ್ನು ಎಷ್ಟೋ ದಿನ ಇಟ್ಟುಕೊಂಡು ಕೂತಿದ್ದರು. ಬಿಚ್ಚಿದರೆ ಹೊಳೆಯುವ ಹೊಸ ಸ್ಪ್ರಿಂಗು, ಉದ್ದನೆಯ ಸಲಾಕಿ. ಎರಡನ್ನೂ ಬೆಳಕಿಗೆ ಹಿಡಿದು ನೋಡಿದೆ. ಮೌಲಾಸಾಬ್ ಅದನ್ನು ಗುಳಿಯಲ್ಲಿ ಕೂಡಿಸಲು ನೋಡಿದ. ಬುಡ ಕೂಡಲಿಲ್ಲ. ಸಲಾಕಿ ಒಂದು ಬೆರಳಷ್ಟು ಉದ್ದ ಹೆಚ್ಚಾಯಿತು. ಮುಚ್ಚಳ ಅರ್ಧಕ್ಕೆ ನಿಂತುಬಿಟ್ಟಿತು. ಅವನು ಅರಿವೆಯಲ್ಲಿ ಕೈ ಒರೆಸಿಕೊಂಡು ಎದ್ದು, ಸೀಮೆಎಣ್ಣೆ ಬ್ರಶ್ಶು ತಂದು ಕಾರ್ಬೊರೇಟರಿನ ಪಕ್ಕವನ್ನು ತಿಕ್ಕತೊಡಗಿದ. ಐವತ್ತು ವರ್ಷದ ಜಿಡ್ಡು ಕರಗಿ ಹರಿಯಿತು. ಆಮೇಲೆ ಕಿಸೆಯಿಂದ ಒಂದು ತುಂಡು ಖಡು ತೆಗೆದು, ಸಾಲಿಯಲ್ಲಿ ಬೋರ್ಡಿಗೆ ಬರೆಯುವ ಖಡು, ಆ ಜಾಗದ ಮೇಲೆ ಅಡ್ಡಡ್ಡ ಉಜ್ಜಿ, ಬೆರಳಿನಿಂದ ಒರೆಸಿದ. ಕರೀ ಲೋಹದೊಳಗಿನಿಂದ ಬಿಳಿ ಅಂಕಿಗಳು ಒಂದೊಂದಾಗಿ ಎದ್ದು ಬಂದವು.

"ಓದ್ರಿ ಈಗ" ಅಂದ. ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಫೋಟೋ ತೆಗೆದು ಕಳಿಸಿದೆ. ಅಂಗಡಿಯವನ ಉತ್ತರ ಮರುದಿನವೇ ಬಂತು: ಮೇಡಂ, ಈ ನಂಬರಿನ ಕಾರ್ಬೊರೇಟರು ಅರವತ್ತೆಂಟರದು, ಎಪ್ಪತ್ತರದ್ದಲ್ಲ, ನಿಮ್ಮ ಕಾರೂ ಬಹುತೇಕ ಅದೇ ವರ್ಷದ್ದು. ಆಗ ನನಗೆ ಹೊಳೆಯಿತು. ಆರ್‌ಸಿಯಲ್ಲಿ ಇದ್ದದ್ದು ಗಾಡಿ ನಮ್ಮ ದೇಶದಲ್ಲಿ ರಿಜಿಸ್ಟರ್ ಆದ ವರ್ಷ. ಅದು ಹುಟ್ಟಿದ್ದು ಎರಡು ವರ್ಷ ಮೊದಲೇ. ನಮ್ಮ ಸಾಲಿಗಳಲ್ಲಿ ಮಕ್ಕಳ ಹುಟ್ಟಿದ ತಾರೀಖನ್ನು ಮಾಸ್ತರರು ತಮಗೆ ತಿಳಿದಂತೆ ಬರೆದು, ಅದೇ ಕೊನೆಯವರೆಗೆ ಖರೆ ಆಗುವುದಿಲ್ಲವೇ, ಹಾಗೆ. ಸಿಕ್ಕಾ ಬಿದ್ದಿದ್ದನ್ನು ನಂಬಿ ಸಿಕ್ಕಾ ಬೀಳದ ಮನುಷ್ಯನ ಮಾತನ್ನು ಬಿಟ್ಟಿದ್ದೆ.

"ಮಿಸ್ತ್ರಿ, ನನ್ನದು ತಪ್ಪಾತು" ಅಂದೆ.

"ಏನ ತಪ್ಪರಿ. ಇಷ್ಟ ವರ್ಷ ಅದರ ಮೈ ತೊಳದವರು ಯಾರ ಅದಾರ" ಅಂದು ಚಹಾ ಕುಡಿಯಲು ಕೈ ತೊಳೆಯಲು ಹೋದ.

ಸರಿಯಾದ ಸ್ಪ್ರಿಂಗು ಅಂಗಡಿಯವನ ಹತ್ತಿರ ಒಂದಿತ್ತು, ಸಲಾಕಿ ಇರಲಿಲ್ಲ. ತನ್ನ ಹತ್ತಿರ ಇದ್ದ ಮುರುಕು ಸಲಾಕಿಯನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು, ಮುರಿದ ತುದಿಯ ಅಳತೆಯನ್ನು ಪಕ್ಕದಲ್ಲಿ ಬರೆದು, ಆ ಕಾಗದವನ್ನು ಸ್ಪ್ರಿಂಗಿನ ಜೊತೆಗೇ ಕಳಿಸಿದ. ಅದು ಕೈಗೆ ಬಂದಾಗ ಸಂಕ್ರಾಂತಿಗೆ ಐದು ದಿನ ಉಳಿದಿತ್ತು.

ಸಲಾಕಿಗೆ ಬನಹಟ್ಟಿಗೆ ಹೋದೆವು. ಪವರ್‌ಲೂಮ್ ಫಿಟ್ಟರ್ ಈರಪ್ಪನ ಅಂಗಡಿ, ಸುತ್ತ ನಾಲ್ಕೂ ಕಡೆ ಮಗ್ಗಗಳ ಖಟಖಟ. ಅಲ್ಲಿ ಮಾತಾಡುವವರೆಲ್ಲ ಕೂಗಿಯೇ ಮಾತಾಡುತ್ತಾರೆ. ಈರಪ್ಪ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಎದರ ಸಾಮಾನ್ರಿ ಇದು?"

"ಕಾರಿಂದು. ಚಳಿ ಇದ್ದಾಗ ಬಾಯಿ ಮುಚ್ಚತೈತಿ, ಬಿಸಿ ಆದಮ್ಯಾಲ ತೆರೀತೈತಿ."

"ನಮ್ಮ ಮನ್ಯಾಗ ಒಬ್ಬಾಕಿ ಅದಾಳ್ರಿ. ಆಕೀದು ಉಲ್ಟಾ. ಬಿಸಿ ಆದ್ಲಂದ್ರ ಬಾಯಿ ಮುಚ್ಚೂದಿಲ್ಲ."

ಒಳಗಿನಿಂದ ಒಂದು ಹೆಣ್ಣುದನಿ ಬಂತು, "ಕೇಳಸಾಕತ್ತೈತಿ ನನಗ." ಅಷ್ಟು ಸಪ್ಪಳದಲ್ಲೂ ಕೇಳಿಸಿತ್ತು.

ಈರಪ್ಪ ಕಾಗದವನ್ನು ಹಲಗೆಯ ಮೇಲೆ ಅಂಟಿಸಿ, ಪೆನ್ಸಿಲ್ ಗೆರೆಯ ಎರಡೂ ಬದಿಗೆ ಸಣ್ಣ ಮೊಳೆ ಹೊಡೆದು ಓಣಿ ಮಾಡಿದ. ಆ ಓಣಿಯಲ್ಲಿ ಉಕ್ಕಿನ ತಂತಿಯನ್ನು ಇಕ್ಕಳದಿಂದ ಬಗ್ಗಿಸುತ್ತ ಹೋದ. ಮೂರು ಸಲ ಮಾಡಿ ಮೂರು ಸಲ ಎಸೆದ. ಒಂದು ಎಳೆ ಅತ್ತಿತ್ತ ಆದರೂ ಸೀರೆಯ ದಡಿಯಲ್ಲಿ ಗೊತ್ತಾಗುತ್ತದೆ ಅನ್ನುವ ಜನ ಅವರು. ನಾಲ್ಕನೆಯದನ್ನು ಓಣಿಗಿಟ್ಟಾಗ ಅದು ಯಾವ ಮೊಳೆಗೂ ತಾಗದೆ ಕೂತಿತು.

ಕೂಡಿಸಿದೆವು. ಬುಡ ಕಟ್ ಅಂತ ಕೂತಿತು, ಮುಚ್ಚಳ ಸಲೀಸಾಗಿ ಮುಚ್ಚಿತು. ಸ್ಪ್ರಿಂಗಿನ ಬಿಗಿಯನ್ನು ಬುಕ್ಕಿನಲ್ಲಿ ಹೇಳಿದ ಗುರುತಿಗೆ ಇಟ್ಟೆವು. ಉಳಿದದ್ದು ಪ್ರಯೋಗ. ಇಂಥ ಚೋಕನ್ನು ದಿನಕ್ಕೆ ಒಂದೇ ಸಲ ಪರೀಕ್ಷೆ ಮಾಡಲು ಸಾಧ್ಯ, ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ನಮಗೆ ಇದ್ದದ್ದು ಮೂರು ಬೆಳಗು.

ಮೊದಲನೆಯ ಬೆಳಿಗ್ಗೆ ಮೌಲಾಸಾಬ್ ಒಳಗೆ ಕೂತ, ನಾನು ಬಾನೆಟ್ ಕಡೆ ನಿಂತು ಮುಚ್ಚಳ ನೋಡುತ್ತಿದ್ದೆ. ಇಂಜಿನ್ ತಿರುಗಿತು, ಏಳಲಿಲ್ಲ. ಕಾರ್ಬೊರೇಟರಿನಿಂದ ಹಸಿ ಪೆಟ್ರೋಲಿನ ಘಾಟು. ಅವನು ಸ್ಪ್ರಿಂಗು ಸ್ವಲ್ಪ ಸಡಿಲು ಮಾಡಿದ. ಎರಡನೆಯ ಬೆಳಿಗ್ಗೆಯೂ ಅದೇ ಘಾಟು. ಇನ್ನೂ ಸಡಿಲು ಮಾಡಿದ. ಬಸಣ್ಣ ಹಲ್ಲುಜ್ಜುತ್ತ ಬಂದು ನೋಡಿ, "ಪುಣೇದವರಿಗೆ ಫೋನ್ ಮಾಡಲೇನ್ರಿ ವೈನಿ?" ಅಂದ. ನಾನು ಬಾನೆಟ್ ಮುಚ್ಚಿಸಿ ಒಳಗೆ ಹೋದೆ.

ಮೂರನೆಯ ಬೆಳಿಗ್ಗೆ ಬಾನೆಟ್ ಕಡೆ ನಿಲ್ಲಲು ಮೊಣಕಾಲು ನೋಯುತ್ತಿತ್ತು, ಅದಕ್ಕೇ ಬಾಗಿಲಿನ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತೆ. ಅಲ್ಲಿಂದ ಕಂಡದ್ದು ಮೌಲಾಸಾಬನ ಕಾಲು. ಕೀ ತಿರುಗಿಸುವ ಮೊದಲೇ ಅದು ಎಕ್ಸಿಲೇಟರನ್ನು ತುಳಿಯತೊಡಗಿತು. ಒಂದು, ಎರಡು, ಐದು, ಎಂಟು. ಸೆಲ್ಫ್ ಹೊಡೆಯುತ್ತ ಮತ್ತೂ ತುಳಿಯಿತು.

"ಮಿಸ್ತ್ರಿ, ನಿಮ್ಮ ಕಾಲು ನೋಡಕೋರಿ."

ಅವನು ಬಗ್ಗಿ ನೋಡಿದ. ಅವನಿಗೆ ಗೊತ್ತೇ ಇರಲಿಲ್ಲ. ಬಾಟ್ಲಿ ಗಾಡಿಗಳ ಜೊತೆ ನಲವತ್ತು ವರ್ಷ ಕಳೆದ ಕಾಲು ಅದು. ಚೋಕ್ ಮುಚ್ಚಿ ಪೆಟ್ರೋಲ್ ಹೆಚ್ಚಿಗೆ ಕೊಡುವಾಗಲೇ ಈ ಕಾಲು ಮತ್ತಷ್ಟು ಪೆಟ್ರೋಲ್ ಎಳೆದು ಇಂಜಿನ್ನನ್ನು ಮುಳುಗಿಸುತ್ತಿತ್ತು. ಜಿಲ್ಲೆಯ ಯಾವ ಮಿಸ್ತ್ರಿ ಕೂತಿದ್ದರೂ ಇದೇ ಆಗುತ್ತಿತ್ತು.

"ಸ್ಪ್ರಿಂಗು ಮೊದಲಿನ ಗುರುತಿಗೆ ಇಡ್ರಿ. ಇನ್ನ ಯಾರೂ ಮುಟ್ಟಬ್ಯಾಡ್ರಿ."

"ನಾಳೆ ಆಗಲಿಲ್ಲಂದ್ರ ಅಕ್ಕಾರ?"

"ಆಗಲಿಲ್ಲಂದ್ರ ನನ್ನ ಕಾಲಿನ ತಪ್ಪು. ನಿಮ್ಮದಲ್ಲ."

ಸಂಕ್ರಾಂತಿಯ ಬೆಳಿಗ್ಗೆ ಒಳ್ಳೆಯ ಚಳಿ. ಗುಡ್ಡದ ಹಿಂದೆ ಕೆಂಪು ಏರುತ್ತಿತ್ತು. ಬುನಾದಿ ತೋಡುವವರು ಸಲಿಕೆ ಹಿಡಿದು ಗೋಡೆಗೆ ಒರಗಿ ನಿಂತಿದ್ದರು, ಬಸಣ್ಣ ಶಾಲು ಹೊದ್ದು ಅವರ ಮುಂದೆ. ಮೌಲಾಸಾಬ್ ಬಂದಿದ್ದ, ಆದರೆ ಮಾತಿನ ಪ್ರಕಾರ ರಸ್ತೆಯ ಆಚೆ ಬದಿಗೆ ನಿಂತಿದ್ದ. ನಾನು ಮೈತೊಳೆದು ಇಳಕಲ್ ಸೀರೆ ಉಟ್ಟು, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಬಂದೆ. ಎಡಗಡೆಯ ಬಾಗಿಲು ತೆಗೆದು ಕೂತೆ.

ಒಂದು ಸಲ ಒತ್ತಿದೆ. ಬಾನೆಟ್ಟಿನ ಕೆಳಗೆ ಟಕ್ ಅಂತ ಸಣ್ಣ ಸಪ್ಪಳ, ಮುಚ್ಚಳ ಬಿದ್ದದ್ದು. ಕಾಲು ತೆಗೆದೆ. ಕೀ ತಿರುಗಿಸಿದೆ. ಇಂಜಿನ್ ಎರಡು ಸುತ್ತು ಗೊಣಗಿತು, ಮೂರನೆಯ ಸುತ್ತಿಗೆ ಎಂಟೂ ಸಿಲಿಂಡರು ಒಟ್ಟಿಗೆ ಎದ್ದವು. ಶೆಡ್ಡಿನ ತಗಡು ಗಡಗಡ ಅಂದಿತು, ಪಾರಿವಾಳಗಳು ಹಾರಿದವು. ಸಲಿಕೆಯವರು ನೆಟ್ಟಗೆ ನಿಂತರು.

ಇಂಜಿನ್ ಜೋರಾಗಿ ಓಡುತ್ತಿತ್ತು. ಬಸಣ್ಣ ಓಡಿ ಬಂದ. "ರೇಸ್ ಭಾಳ ಏರೈತಿ ವೈನಿ, ಕಾಲ ತಗೀರಿ, ಕಾಲ ತಗೀರಿ."

ನಾನು ಎರಡೂ ಕಾಲನ್ನು ಎತ್ತಿ ಬಾಗಿಲಿನಿಂದ ಹೊರಗೆ ಚಾಚಿ ತೋರಿಸಿದೆ. ಅವನು ನನ್ನ ಕಾಲು ನೋಡಿದ, ಖಾಲಿ ಪೆಡಲ್ ನೋಡಿದ. ಚಳಿಯಲ್ಲಿ ಹಾಗೆ ಜೋರಾಗಿ ಓಡುವುದೂ ಚೋಕಿನದೇ ಕೆಲಸ ಅಂತ ಹೇಳಿದೆ. ಎರಡು ಮೂರು ನಿಮಿಷದಲ್ಲಿ ಇಂಜಿನ್ ಬಿಸಿಯಾಯಿತು. ನಾನು ಎಕ್ಸಿಲೇಟರನ್ನು ಬೆರಳ ತುದಿಯಷ್ಟು ತಟ್ಟಿದೆ, ರೇಸ್ ಇಳಿದು ದನಿ ಮೃದುವಾಯಿತು. ರಸ್ತೆಯ ಆಚೆ ಮೌಲಾಸಾಬ್ ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಆ ಚಳಿಯಲ್ಲಿ ಬೆವರು ಎಲ್ಲಿಂದ ಬರಬೇಕು. ನನ್ನ ಎಪ್ಪತ್ನಾಲ್ಕು ವರ್ಷದಲ್ಲಿ ನಾನು ಅಷ್ಟು ಪ್ರೌಡ್ ಆಗಿ ಎಲ್ಲಿಯೂ ಕೂತದ್ದಿಲ್ಲ, ಮದುವೆಯ ಮಂಟಪದಲ್ಲಿಯೂ ಕೂಡ.

ಬಸಣ್ಣ ಬಲಗಡೆ ಬಂದು ಹತ್ತಿದ. ನಾನು ಗಾಡಿಯನ್ನು ಚಿಕ್ಕಪಡಸಲಗಿ ಬ್ಯಾರೇಜಿನ ಕಡೆ ಹೊರಳಿಸಿದೆ. ಮಂದಿ ಹೊಳೆ ಸ್ನಾನಕ್ಕೆ ಬುತ್ತಿ ಕಟ್ಟಿಕೊಂಡು ಹೊರಟಿದ್ದರು, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೆಣ್ಣುಮಕ್ಕಳು ಕೂತು ಕೈ ಬೀಸಿದರು. ಎಡಗಡೆ ಕೂತು ನಡೆಸುವ ಮುದುಕಿಯನ್ನು ಕಂಡು ಒಬ್ಬಳು, "ಅಯ್ಯ, ಆಯಿ ನೋಡ ಬೇ" ಅಂದದ್ದು ಕೇಳಿಸಿತು.

ಬ್ಯಾರೇಜ್ ಕಾಣುವ ಹೊತ್ತಿಗೆ ಬಸಣ್ಣ ಬಾಯಿ ಬಿಟ್ಟ. "ಒಂದ ಮಾತೈತಿ ವೈನಿ. ಆ ಚೋಕ್ ಕಿತ್ತದ್ದು..."

"ಗೊತ್ತೈತಿ. ಭೀಮಪ್ಪ ಹೇಳ್ಯಾನ."

ಅವನು ನೀರಿನ ಕಡೆ ಮುಖ ತಿರುಗಿಸಿದ. "ನಾನೂ ಅಲ್ಲೇ ನಿಂತಿದ್ದೆ ಅವತ್ತ. ಅಣ್ಣಗ ಅಂಜಿಕಿ. ನನಗೂ ಬಾಯಿ ಬರಲಿಲ್ಲ. ಆಮ್ಯಾಲ ದಿನಾ ಬಾಟ್ಲಿ ಹಿಡಿಯೂ ಮುಂದ ನಿಮಗ ಹೇಳಬೇಕನಸತಿತ್ತು."

"ಹೇಳಿದ್ದರ ನಿನ್ನ ಹುಬ್ಬು ಉಳೀತಿತ್ತು."

ಅವನು ನಕ್ಕ. ಆಮೇಲೆ ಕನ್ನಡಕ ತೆಗೆದು ಶಾಲಿನಿಂದ ಒರೆಸಿದ, ಎಷ್ಟೋ ಹೊತ್ತು ಒರೆಸುತ್ತಲೇ ಇದ್ದ. ನಾನು ರಸ್ತೆ ನೋಡಿಕೊಂಡು ಗಾಡಿ ನಡೆಸಿದೆ. ನಮ್ಮವರಿಗೆ ಬೇಕಾದಷ್ಟು ಶಿಕ್ಷೆ ಆಗಿದೆ ಅನ್ನಿಸಿತು ನನಗೆ. ಆ ಹತ್ತು ವರ್ಷದಲ್ಲಿ ಒಂದು ದಿನವಾದರೂ ಗೇಟು ಬಿಟ್ಟು ನನ್ನ ಪಕ್ಕದಲ್ಲಿ ಕೂತಿದ್ದರೆ, ನಾನು ಎಷ್ಟು ಚೆನ್ನಾಗಿ ನಡೆಸುತ್ತೇನೆ ಅಂತ ಗೊತ್ತಾಗುತ್ತಿತ್ತು.

ಬೇಸಿಗೆಯಲ್ಲಿ ಅಂಗಡಿ ಸಾಲು ಮುಗಿಯಿತು. ಐದು ಅಂಗಡಿ ಅಂದಿದ್ದ, ಆದರೆ ಶಟರು ಆರು ಹಾಕಿಸಿದ್ದ, ಆರನೆಯದು ಗಾಡಿಗೆ. ಮೊದಲ ದಿನ ನಾನು ಶಟರಿನ ಹಿಡಿಕೆ ಹುಡುಕಿದರೆ ಹಿಡಿಕೆಯೇ ಇಲ್ಲ. ಗೋಡೆಯಲ್ಲಿ ಒಂದು ಬಟನ್ ಇತ್ತು. ಆ ಒಂದು ಶಟರಿಗೆ ಮಾತ್ರ ಮೋಟರ್ ಕೂಡಿಸಿದ್ದ, ನನಗೆ ಒಂದು ಮಾತೂ ಹೇಳದೆ. ಕೇಳಿದ್ದಕ್ಕೆ, "ನಿಮಗ ಬಗ್ಗಾಕ ಆಗೂದಿಲ್ಲ. ಬಗ್ಗಾಕ ಆಗಲಿಲ್ಲಂದ್ರ ಮತ್ತ ಯಾರನ್ನರ ಕರೀಬೇಕು" ಅಂದು ನಕಾಶೆ ಮಡಚಿಕೊಂಡು ಹೋದ.

ಉಳಿದ ಐದು ಅಂಗಡಿಯವರು ದಿನಾ ಬೆಳಿಗ್ಗೆ ನಡು ಬಗ್ಗಿಸಿ, ಉಸಿರು ಬಿಗಿಹಿಡಿದು ಶಟರು ಎತ್ತುತ್ತಾರೆ. ನಾನು ನೆಟ್ಟಗೆ ನಿಂತೇ ತೆರೆಯುತ್ತೇನೆ.